ಜಾಗದ ಬೆಲೆ ಕಟ್ಟಿದವರು ಯಾರು?

ವಿಜಯಪುರದ ಗಾಂಧಿ ಚೌಕದಲ್ಲಿ ಒಂದು ಮಳಿಗೆ ಖಾಲಿಯಾಗುತ್ತಿದೆ ಎಂದರೆ ಅದಕ್ಕೆ ಬೋರ್ಡು ಹಾಕುವ ಅಗತ್ಯವಿಲ್ಲ. ಒಳಗಿನ ಸಾಮಾನು ಹೊರಗೆ ಬರುವ ಮೊದಲೇ ನಾಲ್ಕು ಜನ ಕೇಳಿಕೊಂಡು ಬಂದಿರುತ್ತಾರೆ. ಅದೇ ಅಳತೆಯ ಕೋಣೆ, ಅದೇ ಇಟ್ಟಿಗೆ, ಅದೇ ಶಟರ್, ಚೌಕದಿಂದ ಮೂರು ಗಲ್ಲಿ ಒಳಗೆ ಹೋದರೆ ಕೇಳುವವರೇ ಇಲ್ಲ. ಹಾಗಿದ್ದರೆ ಬಾಡಿಗೆ ಕೊಡುವುದು ಗೋಡೆಗಲ್ಲ, ಛಾವಣಿಗಲ್ಲ. ಟಿಕೋಟಾ, ಬಬಲೇಶ್ವರದ ಕಡೆಯಿಂದ ಮದುವೆಯ ಜವಳಿಗೆಂದು ಬಸ್ಸಿಳಿದು ಬರುವ ಜನಕ್ಕೆ, ಅವರು ನಡೆಯುವ ದಾರಿಗೆ, ಪಕ್ಕದ ಅಂಗಡಿಯ ಹೆಸರಿಗೆ. ಅಂದರೆ ಮಾಲೀಕ ಮಾಡದ, ಅವನು ಮಾಡಲಾರದ ಒಂದು ವಸ್ತುವಿಗೆ ನಾವು ಪ್ರತಿ ತಿಂಗಳು ಹಣ ಎಣಿಸುತ್ತೇವೆ. ಅದು ಯಾರದು? ಪ್ರಶ್ನೆ ಸಣ್ಣದೆನಿಸಬಹುದು. ಆದರೆ ಬೆಂಗಳೂರಿನ ಗಾಜಿನ ಕಟ್ಟಡಗಳಿಂದ ನಮ್ಮ ಊರಿನ ಹತ್ತಡಿ ಅಂಗಡಿಯವರೆಗೆ ನಡೆಯುವ ಎಲ್ಲ ಬಾಡಿಗೆ ವ್ಯವಹಾರದ ಬುಡದಲ್ಲಿ ಕೂತಿರುವ ನೈತಿಕ ಪ್ರಶ್ನೆ ಇದೇ.

ಬೆಂಗಳೂರಿನ ಜಾಹೀರಾತುಗಳನ್ನು ಓದಿದವರಿಗೆ ಗೊತ್ತು. ನಗರದ ಹೊರವಲಯದ ಬಿಸಿನೆಸ್ ಪಾರ್ಕಿನಲ್ಲಿ ಆಧುನಿಕ ಕಚೇರಿ ಜಾಗ ಲೀಸಿಗಿದೆ ಎನ್ನುವಾಗ ಹವಾನಿಯಂತ್ರಣ, ಜನರೇಟರು, ಲಿಫ್ಟುಗಳ ಜೊತೆಗೆ ಒಂದು ಮಾತು ತಪ್ಪದೆ ಇರುತ್ತದೆ: ‘ಉತ್ತಮ ಸಂಪರ್ಕ’. ಲಿಫ್ಟು, ಜನರೇಟರು ಮಾಲೀಕನ ಹಣದ್ದು, ನಿಜ. ಸಂಪರ್ಕ ಯಾರ ಹಣದ್ದು? ವೈಟ್‌ಫೀಲ್ಡಿನ ಐಟಿಪಿಎಲ್ ಪಾರ್ಕ್ 1990ರ ದಶಕದಲ್ಲಿ ಎದ್ದಾಗ ಅಲ್ಲಿಗೆ ಹೋಗುವುದೇ ಒಂದು ಪ್ರಯಾಣ. 2023ರಲ್ಲಿ ಮೆಟ್ರೊ ನೇರಳೆ ಮಾರ್ಗ ವೈಟ್‌ಫೀಲ್ಡ್ ತಲುಪಿತು. ಅದಕ್ಕೆ ಹಾಕಿದ್ದು ಕೇಂದ್ರ, ರಾಜ್ಯಗಳ ಬೊಕ್ಕಸದ ದುಡ್ಡು, ತಂದದ್ದು ಸಾಲ. ಆ ಬೊಕ್ಕಸಕ್ಕೆ ತಿಕ್ಕುವ ಸೋಪಿನ ಮೇಲೆ ತೆರಿಗೆ ಕೊಟ್ಟ ಬಬಲೇಶ್ವರದ ಕೂಲಿಯವನ ಪಾಲೂ ಸೇರಿದೆ. ಆದರೆ ನಿಲ್ದಾಣದ ಸುತ್ತಲಿನ ಚದರಡಿಯ ದರ ಏರಿದರೆ ಅದು ಸೇರುವುದು ಕಟ್ಟಡದವರ ಲೆಕ್ಕಕ್ಕೆ. ಹಾಗೆ ಸೇರುವುದನ್ನು ಯಾರೂ ಕಳವು ಎನ್ನುವುದಿಲ್ಲ, ನಾವೂ ಅನ್ನುವುದಿಲ್ಲ. ಆದರೆ ಗಳಿಕೆ ಎಂದು ಕರೆಯುವಾಗ ನಾಲಗೆ ಸ್ವಲ್ಪ ತಡೆಯಬೇಕು.

ಇದನ್ನು ಮೊದಲು ಗಮನಿಸಿದವರು ನಮ್ಮ ಕಾಲದ ಅರ್ಥಶಾಸ್ತ್ರಜ್ಞರಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ‘ಮುಖದ್ದಿಮಾ’ ಬರೆದ ಇಬ್ನ್ ಖಲ್ದೂನ್ ನಗರದ ಸ್ಥಿರಾಸ್ತಿಯ ಬಗ್ಗೆ ಒಂದು ಪ್ರತ್ಯೇಕ ಅಧ್ಯಾಯವನ್ನೇ ಇಟ್ಟಿದ್ದಾನೆ. ರಾಜ್ಯ ಕುಸಿಯುವ ಕಾಲದಲ್ಲಿ ಅಗ್ಗವಾಗಿ ಕೈಗೆ ಬಂದ ಜಾಗ, ಹೊಸ ರಾಜ್ಯ ಬಲಿತು ಊರು ಬೆಳೆದಾಗ ದುಬಾರಿಯಾಗುತ್ತದೆ, ಅದರ ಒಡೆಯ ಊರಿನ ಸಿರಿವಂತರಲ್ಲಿ ಒಬ್ಬನಾಗುತ್ತಾನೆ, ಆದರೆ ಅದು ಅವನ ದುಡಿಮೆಯ ಫಲವಲ್ಲ ಎಂಬುದು ಅವನ ತಾತ್ಪರ್ಯ. ಐನೂರು ವರ್ಷಗಳ ನಂತರ, 1879ರಲ್ಲಿ, ಅಮೆರಿಕದ ಹೆನ್ರಿ ಜಾರ್ಜ್ ಇದನ್ನೇ ಹಿಡಿದು, ಜಾಗದ ಬೆಲೆ ಸಮಾಜದ್ದು, ಅದನ್ನು ತೆರಿಗೆಯಾಗಿ ಸಮಾಜಕ್ಕೇ ಹಿಂತಿರುಗಿಸಬೇಕು ಎಂದು ವಾದಿಸಿದ. ಇಬ್ಬರಿಗೂ ಪರಸ್ಪರ ಪರಿಚಯವಿದ್ದಂತೆ ಕಾಣುವುದಿಲ್ಲ. ಊರು ಬೆಳೆಯುವುದನ್ನು ಕಣ್ಣಾರೆ ನೋಡಿದ ಯಾರಿಗಾದರೂ ಹೊಳೆಯುವ ಮಾತು ಅದು.

ನಮ್ಮ ಊರಿಗಂತೂ ಅದು ಹೊಸ ಪಾಠವೇ ಅಲ್ಲ. ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಕ್ಬರನ ದೂತನಾಗಿ ಬಂದ ಅಸದ್ ಬೇಗ್ ಇಲ್ಲಿಯ ಬಜಾರನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ: ಸುಮಾರು ಎರಡು ಕೋಸು ಉದ್ದ, ಮೂವತ್ತು ಗಜ ಅಗಲ, ಪ್ರತಿ ಅಂಗಡಿಯ ಮುಂದೆ ಒಂದು ಹಸಿರು ಮರ. (ಇಂದು ಚೌಕದಲ್ಲಿ ನಿಂತು ಮೂವತ್ತು ಗಜದ ರಸ್ತೆಯನ್ನು ಕಲ್ಪಿಸಿಕೊಳ್ಳಲು ಸ್ವಲ್ಪ ಈಮಾನು ಬೇಕು.) ಅದೇ ಕಾಲಕ್ಕೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹನಿಗೆ ಕೋಟೆಯೊಳಗಿನ ನಗರ ಸಾಲದೆನಿಸಿತ್ತು. ಪಶ್ಚಿಮಕ್ಕೆ, ಇಂದು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇರುವ ತೊರವಿಯ ಬಳಿ, ಟಿಕೋಟಾದ ದಾರಿಯಲ್ಲೇ, 1599ರಲ್ಲಿ ಅವನು ನವರಸಪುರವನ್ನು ಆರಂಭಿಸಿದ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ನಗರದ ಹೊರವಲಯದ ಹೊಸ ಬಡಾವಣೆ. ಸುಲ್ತಾನನ ಇಚ್ಛೆ ಎಂದ ಮೇಲೆ ಅಮೀರರು, ವರ್ತಕರು ಅಲ್ಲಿ ಹಣ ಸುರಿದರು. 1624ರಲ್ಲಿ ಮಲಿಕ್ ಅಂಬರನ ಸೇನೆ ಬಂತು. ಕೋಟೆಯೊಳಗಿನ ವಿಜಯಪುರ ಉಳಿಯಿತು, ರಕ್ಷಣೆಯಿಲ್ಲದ ನವರಸಪುರ ಹಾಳಾಯಿತು. ಸಂಗೀತ ಮಹಲಿನ ಕಮಾನುಗಳನ್ನು ನೋಡಲು ಇಂದು ಪ್ರವಾಸಿಗರು ಹೋಗುತ್ತಾರೆ. ಕಲೆಯ ಇತಿಹಾಸದಲ್ಲಿ ಸುಲ್ತಾನನ ಹೆಸರಿದೆ. ಅವನ ಮಾತು ನಂಬಿ ಅಲ್ಲಿ ಬಂಡವಾಳ ಹಾಕಿದ ವರ್ತಕನ ನಷ್ಟ ಯಾರ ಲೆಕ್ಕದಲ್ಲಿಯೂ ಇಲ್ಲ.

ಜಾಗಕ್ಕೆ ಬೆಲೆ ಬಂದಾಗ ಲಾಭ ಒಡೆಯನಿಗೆ, ಬೆಲೆ ಬಿದ್ದಾಗ ನಷ್ಟ ಕೂತವನಿಗೆ. ಇದು ಬದಲಾಗದ ನಿಯಮವೇನಲ್ಲ. ಕರ್ನಾಟಕವೇ ಒಮ್ಮೆ ಅದನ್ನು ಮುರಿದಿತ್ತು, ಆದರೆ ಹೊಲದಲ್ಲಿ. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಲಾವಣಿ ಹಾಕಿಕೊಂಡು ಉಳುತ್ತಿದ್ದವನು ಅರ್ಜಿ ಕೊಟ್ಟು ಭೂಮಿಯ ಒಡೆಯನಾದ. ಅದರ ಹಿಂದಿನ ವಿಚಾರ ಸರಳ: ನೆಲಕ್ಕೆ ಬೆಲೆ ತಂದವನು ಬೆವರು ಸುರಿಸಿದವನು. ಅದೇ ರೈತನ ತಮ್ಮ ಪೇಟೆಗೆ ಬಂದು ಬಾಡಿಗೆಯ ಮಳಿಗೆಯಲ್ಲಿ ಮೂವತ್ತು ವರ್ಷ ಬಟ್ಟೆ ಮಾರಿದ ಎನ್ನಿ. ಅವನಿಗೆ ಕಾನೂನು ಕೊಟ್ಟದ್ದೇನು?

1956ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಆ ರಾಜ್ಯ 1947ರಲ್ಲಿ ಬಾಡಿಗೆ ನಿಯಂತ್ರಣ ಕಾಯ್ದೆ ತಂದಿತ್ತು. ಆಮೇಲೆ ನಮ್ಮದೇ ರಾಜ್ಯದ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಅದರ ಪ್ರಕಾರ ಮಾಲೀಕ ನ್ಯಾಯಾಲಯದ ಮುಂದೆ ಕಾರಣ ತೋರಿಸದೆ ಬಾಡಿಗೆದಾರನನ್ನು ಏಳಿಸುವಂತಿರಲಿಲ್ಲ. 2001ರ ಕೊನೆಯಲ್ಲಿ ಹೊಸ ಕಾಯ್ದೆ ಜಾರಿಯಾಯಿತು. ಹೆಸರಿನಲ್ಲಿ 1999 ಇದೆ. ಅದು ವ್ಯಾಪಾರದ ಮಳಿಗೆಗಳಲ್ಲಿ 14 ಚದರ ಮೀಟರು ಮೀರದವುಗಳನ್ನು ಮಾತ್ರ ತನ್ನ ನೆರಳಿನಲ್ಲಿ ಉಳಿಸಿಕೊಂಡಿತು. ಅಂದರೆ ಸುಮಾರು ಹತ್ತಡಿಗೆ ಹದಿನೈದಡಿ. ಅಷ್ಟು ಚಿಕ್ಕದಿದ್ದರೂ ಬಾಡಿಗೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಬಾರದು. ಗಾಂಧಿ ಚೌಕದಂಥ ಜಾಗದಲ್ಲಿ ಆ ಬೆಲೆಗೆ ಹೊಸದಾಗಿ ಏನು ಸಿಗುತ್ತದೆಂದು ಓದುಗರೇ ಹೇಳಲಿ. ಉಳಿದವರಿಗೆಲ್ಲ ಬ್ರಿಟಿಷರ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಬೇರೆ ಕರಾರಿಲ್ಲದಿದ್ದರೆ ತಿಂಗಳ ಬಾಡಿಗೆಯವನಿಗೆ ಅದು ಕೊಡಿಸುವುದು 15 ದಿನಗಳ ನೋಟಿಸು. ಕೃಷಿ, ತಯಾರಿಕೆಯ ಲೀಸಿಗೆ ಅದೇ ಕಲಮು ಆರು ತಿಂಗಳು ಕೊಡುತ್ತದೆ. ಗಿಡ ಬೇರು ಬಿಡಲು ಸಮಯ ಬೇಕೆಂದು 1882ರವರಿಗೆ ಗೊತ್ತಿತ್ತು, ಗಿರಾಕಿ ಬೇರು ಬಿಡಲು ಬೇಕಾಗುವ ಸಮಯ ಗೊತ್ತಿರಲಿಲ್ಲ. ಒಂದು ವರ್ಷ ಮೀರಿದ ಲೀಸು ನೋಂದಣಿಯಾಗಬೇಕು ಎಂದು ಅದೇ ಕಾಯ್ದೆ ಹೇಳುವುದರಿಂದ ನಮ್ಮಲ್ಲಿ ಹನ್ನೊಂದು ತಿಂಗಳ ಕರಾರು ಎಂಬ ಪದ್ಧತಿ ಬೆಳೆದು, ಮೂವತ್ತು ವರ್ಷದ ಬಾಳು ಹನ್ನೊಂದು ಹನ್ನೊಂದು ತಿಂಗಳಾಗಿ ತುಂಡಾಗುತ್ತದೆ.

ಎಷ್ಟೋ ಅಂಗಡಿಗಳಲ್ಲಿ ನಡೆದಿರಬಹುದಾದ ಒಂದು ಮಾತುಕತೆ ಹೀಗಿರುತ್ತದೆ:

“ಸಾಹುಕಾರ್ರ, ಮೂವತ್ತು ವರ್ಷ ಆತ್ರಿ ಇಲ್ಲಿ ಕುಂತು. ಗಿರಾಕಿ ಈ ಬಾಗಿಲಕ್ಕ ಬರೂದು ನನ್ನ ಮಾರಿ ನೋಡಿ.”

“ಖರೇ ಐತಿ ಚಾಚಾ, ಇಲ್ಲ ಅನ್ನಂಗಿಲ್ಲ. ಆದ್ರ ಜಾಗಾ ಯಾರದು ಹೇಳ್ರಿ?”

ಇಬ್ಬರೂ ಹೇಳಿದ್ದು ನಿಜ. ಇಬ್ಬರ ನಡುವೆ ಇರುವುದನ್ನು ಹಂಚಲು ನಮ್ಮಲ್ಲಿ ಮಾತಿಲ್ಲ ಅಷ್ಟೆ.

ಹಾಗೆಂದು ಬಾಡಿಗೆದಾರನೆಲ್ಲ ಬಡವ, ಮಾಲೀಕನೆಲ್ಲ ಶೋಷಕ ಎಂದು ಬರೆಯಲು ನಮಗೆ ಮನಸ್ಸಿಲ್ಲ. ಹಳೆಯ ನಿಯಂತ್ರಣ ಕಾಯ್ದೆಗಳು ಮಾಡಿದ ಅನ್ಯಾಯವೂ ಚಿಕ್ಕದಲ್ಲ. ಮುಂಬಯಿಯ ಕಾಯ್ದೆಯಲ್ಲಿ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ದರಕ್ಕೆ ಕಟ್ಟಿಹಾಕಲಾಗಿತ್ತು. ಅರ್ಧ ಶತಮಾನ ದಾಟಿದ ಮೇಲೂ ಅದೇ ದರ ಹಿಡಿದು ಕೂರುವುದು ನ್ಯಾಯಸಮ್ಮತವಲ್ಲವೆಂದು ಸುಪ್ರೀಂ ಕೋರ್ಟ್ 1997ರ ಡಿಸೆಂಬರಿನಲ್ಲಿ ಹೇಳಬೇಕಾಯಿತು. ಗಂಡ ಬಿಟ್ಟುಹೋದ ಒಂದೇ ಮಳಿಗೆಯ ಬಾಡಿಗೆಯಲ್ಲಿ ಮಕ್ಕಳನ್ನು ಸಾಕುವ ವಿಧವೆ ಮಾಲೀಕಳು. ಬಾಡಿಗೆದಾರ ಊರಲ್ಲಿ ಮೂರು ಮನೆ ಕಟ್ಟಿದವನು. ಇಂಥ ಜೋಡಿಯನ್ನು ನೋಡದ ಪೇಟೆ ಯಾವುದಿದೆ?

ನಮ್ಮ ಸಮುದಾಯ ಈ ಕನ್ನಡಿಯಲ್ಲಿ ತನ್ನ ಮುಖವನ್ನೂ ನೋಡಿಕೊಳ್ಳಬೇಕು. 2006ರ ಸಾಚಾರ್ ಸಮಿತಿಯ ವರದಿ ದೇಶದ ಸುಮಾರು 4.9 ಲಕ್ಷ ನೋಂದಾಯಿತ ವಕ್ಫ್ ಆಸ್ತಿಗಳಿಂದ ಬರುವ ವರ್ಷದ ಆದಾಯ ಕೇವಲ 163 ಕೋಟಿ ರೂಪಾಯಿ ಎಂದಿತು. ಸರಿಯಾಗಿ ಬಳಸಿದರೆ 12,000 ಕೋಟಿ ಬರಬೇಕಿತ್ತು ಎಂದೂ ಲೆಕ್ಕ ಹಾಕಿತು. 2024ರಲ್ಲಿ ಟಿಕೋಟಾ ತಾಲೂಕಿನ ಹೊನವಾಡದ ಜಮೀನುಗಳ ಸುತ್ತ ವಿವಾದ ಎದ್ದ ಮೇಲೆ ನಮ್ಮ ಜಿಲ್ಲೆಯಲ್ಲಿ ವಕ್ಫ್ ಎಂದೊಡನೆ ದನಿಗಳು ಏರುತ್ತವೆ. ಆ ವಾದ ಇಲ್ಲಿ ಬೇಡ. ನಮ್ಮ ಮಾತು ಮಳಿಗೆಗಳದ್ದು. ಅನಾಥರಿಗೆ, ಓದುವ ಮಕ್ಕಳಿಗೆ ಸಲ್ಲಬೇಕಾದ ಆ ವ್ಯತ್ಯಾಸದ ಹಣ ಎಲ್ಲಿ ಹೋಯಿತು? ಅದರ ಒಂದು ಭಾಗ ಮಸೀದಿ, ದರ್ಗಾಗಳ ಮಳಿಗೆಗಳಲ್ಲಿ ತಾತನ ಕಾಲದ ಬಾಡಿಗೆಗೆ ಕೂತು, ಒಳಬಾಡಿಗೆಗೆ ಕೊಟ್ಟು, ಮೊದಲ ಸಾಲಿನಲ್ಲಿ ನಮಾಜಿಗೆ ನಿಲ್ಲುವವರ ಜೇಬಿನಲ್ಲಿ ಹೋಗಿದೆ. ಇದನ್ನು ಹೊರಗಿನವರು ಹೇಳುವ ಮೊದಲು ನಾವೇ ಹೇಳುವುದು ಮರ್ಯಾದೆ.

ಈಗ ಪಗಡಿಯ ವಿಷಯಕ್ಕೆ ಬರೋಣ. ಮಳಿಗೆ ಬಿಟ್ಟುಕೊಡುವವನಿಗೆ ಹೊಸಬ ಕೊಡುವ, ಅಥವಾ ಒಳಗೆ ಬರುವಾಗ ಮಾಲೀಕನೇ ತೆಗೆದುಕೊಳ್ಳುವ, ರಸೀದಿ ಇಲ್ಲದ ಆ ದೊಡ್ಡ ಮೊತ್ತ. ಸಭ್ಯರು ಅದನ್ನು ಭ್ರಷ್ಟಾಚಾರ ಎನ್ನುತ್ತಾರೆ. ನಮಗೆ ಅದು ದಾರಿ ತಪ್ಪಿದ ನ್ಯಾಯದಂತೆ ಕಾಣುತ್ತದೆ. ಕೂತವನೂ ಜಾಗಕ್ಕೆ ಬೆಲೆ ತಂದಿದ್ದಾನೆ, ಅವನಿಗೂ ಒಂದು ಪಾಲಿದೆ ಎಂಬ ಸತ್ಯವನ್ನು ಕಾನೂನು ಒಪ್ಪದಿದ್ದಾಗ ಪೇಟೆ ಅದನ್ನು ಮೇಜಿನ ಕೆಳಗಿನಿಂದ ಒಪ್ಪಿಕೊಂಡಿತು. ಆದರೆ ಮೇಜಿನ ಕೆಳಗೆ ನಡೆಯುವ ನ್ಯಾಯ ಬಲವಿದ್ದವನ ಕಡೆಗೇ ಹೋಗುತ್ತದೆ. ತಾಕತ್ತಿರುವ ಬಾಡಿಗೆದಾರ ಲಕ್ಷಗಟ್ಟಲೆ ಎಣಿಸಿಕೊಂಡು ಏಳುತ್ತಾನೆ, ಇಲ್ಲದವನು ತಕ್ಕಡಿ ಹಿಡಿದು ಎದ್ದು ಹೋಗುತ್ತಾನೆ.

ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಬಾಡಿಗೆಗೆ ‘ಇಜಾರಾ’ ಎಂದು ಹೆಸರು: ವಸ್ತುವನ್ನಲ್ಲ, ಅದರ ಪ್ರಯೋಜನವನ್ನು ಒಂದು ಅವಧಿಗೆ ಮಾರುವುದು. ನಮ್ಮ ‘ಭೋಗ್ಯ’ ಎಂಬ ಪದದೊಳಗೂ ಇರುವುದು ಅನುಭವಿಸುವುದೇ. ಅವಧಿ ಎಂಬುದು ಇಲ್ಲಿ ಜೀವಾಳ. 1988ರಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಪಗಡಿಯನ್ನೇ ಕೈಗೆತ್ತಿಕೊಂಡು ಗೆರೆ ಎಳೆಯಿತು. ಆರಂಭದಲ್ಲಿ ಮಾಲೀಕ ಒಂದು ಮೊತ್ತ ಪಡೆದರೆ ಅದನ್ನು ಬಾಡಿಗೆಯ ಭಾಗವೆಂದೇ ಎಣಿಸಬೇಕು. ಅವಧಿ ಉಳಿದಿರುವಾಗ ತನ್ನ ಹಕ್ಕು ಬಿಟ್ಟುಕೊಡಲು ಬಾಡಿಗೆದಾರ ಹಣ ಪಡೆಯಬಹುದು. ಅವಧಿ ಮುಗಿದ ಮೇಲೆ ಹೊಸಬನಿಂದ ಪಡೆಯುವಂತಿಲ್ಲ, ಏಕೆಂದರೆ ಮಾರಲು ಅವನ ಬಳಿ ಏನೂ ಉಳಿದಿಲ್ಲ. ತರ್ಕ ಅಚ್ಚುಕಟ್ಟಾಗಿದೆ. ಹನ್ನೊಂದು ತಿಂಗಳ ಕರಾರಿನ ಊರಿನಲ್ಲಿ ಅದು ಬಾಡಿಗೆದಾರನಿಗೆ ಏನೂ ಉಳಿಸುವುದಿಲ್ಲ ಎಂಬುದೂ ನಿಜ. ಹಾಗಾಗಿ ಪಗಡಿ ತಪ್ಪು ಎಂದು ಉಪದೇಶಿಸುವವರು ಮೊದಲು ಅವಧಿ ಉದ್ದವಾಗಲಿ ಎಂದು ಹೇಳಬೇಕು.

ಬೇರೆ ದಾರಿಗಳಿಲ್ಲವೆಂದಲ್ಲ. ಫ್ರಾನ್ಸ್ 1926ರಲ್ಲೇ ಅಂಗಡಿಕಾರನ ಪಾಲನ್ನು ಕಾನೂನಿನಲ್ಲಿ ಬರೆಯಿತು. ಅಲ್ಲಿ ವಾಣಿಜ್ಯ ಲೀಸು ಸಾಮಾನ್ಯವಾಗಿ ಒಂಬತ್ತು ವರ್ಷದ್ದು, ಬಾಡಿಗೆದಾರ ಮೂರು ಮೂರು ವರ್ಷಕ್ಕೆ ಬಿಟ್ಟುಹೋಗಬಹುದು, ಮಾಲೀಕ ನವೀಕರಿಸಲು ಒಲ್ಲೆ ಎಂದರೆ ಕಳೆದುಕೊಂಡ ವ್ಯಾಪಾರಕ್ಕೆ ಪರಿಹಾರ ಕೊಡಬೇಕು. ಇಂಗ್ಲೆಂಡಿನ 1954ರ ಕಾಯ್ದೆಯೂ ವ್ಯಾಪಾರಿ ಬಾಡಿಗೆದಾರನಿಗೆ ನವೀಕರಣ ಕೇಳುವ ಹಕ್ಕು ಕೊಟ್ಟಿತು. ಅಷ್ಟು ದೂರ ಏಕೆ, ನಮ್ಮಿಂದ ಎರಡು ತಾಸಿನ ದಾರಿಯ ಸೋಲಾಪುರದಲ್ಲಿ ಬೇರೆಯೇ ಲೆಕ್ಕ. ಮಹಾರಾಷ್ಟ್ರದ 1999ರ ಕಾಯ್ದೆ ಪಗಡಿಯನ್ನು ಮೇಜಿನ ಮೇಲೆ ತಂದು ಸಕ್ರಮಗೊಳಿಸಿತು. ಜೊತೆಗೆ ಬ್ಯಾಂಕುಗಳನ್ನು, ಒಂದು ಕೋಟಿ ರೂಪಾಯಿಗಿಂತ ಹೆಚ್ಚು ಪಾವತಿಯಾದ ಬಂಡವಾಳವಿರುವ ಕಂಪನಿಗಳನ್ನು ರಕ್ಷಣೆಯಿಂದ ಹೊರಗಿಟ್ಟು, ಚಿಕ್ಕ ಬಾಡಿಗೆದಾರನನ್ನು ಒಳಗಿಟ್ಟಿತು. ಅವರು ಬಾಡಿಗೆದಾರನ ಬಲವನ್ನು ಅಳೆದರು, ನಾವು ನೆಲದ ಚದರ ಮೀಟರನ್ನು ಅಳೆದೆವು. ನಮ್ಮ ಅಳತೆಯೇ ತಪ್ಪು ಎಂದು ನಮಗೆ ಅನಿಸುತ್ತದೆ. ಹದಿನಾರು ಚದರ ಮೀಟರಿನಲ್ಲಿ ನಾಲ್ಕು ಹೊಲಿಗೆ ಯಂತ್ರ ಇಟ್ಟುಕೊಂಡವನೂ, ಹದಿನಾರು ಮಹಡಿಯಲ್ಲಿ ಕಚೇರಿ ಹೂಡಿದ ಬಹುರಾಷ್ಟ್ರೀಯ ಕಂಪನಿಯೂ ಕರ್ನಾಟಕದಲ್ಲಿ ಒಂದೇ ಕಲಮಿನ ಕೆಳಗೆ ನಿಲ್ಲುತ್ತಾರೆ.

ಆ ಕಂಪನಿಯ ಕರಾರನ್ನು ನೋಡಿದರೆ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಬಿಸಿನೆಸ್ ಪಾರ್ಕಿನ ಲೀಸು ಹತ್ತಾರು ಪುಟ. ಐದೋ ಒಂಬತ್ತೋ ವರ್ಷ, ಮೂರು ವರ್ಷಕ್ಕೊಮ್ಮೆ ಶೇಕಡಾ ಇಂತಿಷ್ಟು ಏರಿಕೆ, ಮೊದಲ ಕೆಲವು ವರ್ಷ ಬಿಟ್ಟುಹೋಗದಂತೆ ‘ಲಾಕ್-ಇನ್’, ಒಳಾಂಗಣ ಸಿದ್ಧಪಡಿಸಿಕೊಳ್ಳುವ ತಿಂಗಳುಗಳಿಗೆ ಬಾಡಿಗೆ ಮಾಫಿ. ಬಾಡಿಗೆ ಕೊಡುತ್ತಿರುವವರೆಗೆ ಅವಧಿಯ ನಡುವೆ ಮಾಲೀಕ ಅವರನ್ನು ಏಳಿಸುವಂತಿಲ್ಲ. ಎರಡೂ ಕಡೆ ವಕೀಲರು ಕೂತು ಮಾಡಿದ ಪತ್ರವಾದ್ದರಿಂದ ಅಲ್ಲಿ ಪಗಡಿಯ ಮಾತು ಏಳುವುದಿಲ್ಲ. ಕೂತವನ ಪಾಲು ಮೊದಲೇ ಬರೆದಿರುತ್ತದೆ. ಟಿಕೋಟಾದ ದ್ರಾಕ್ಷಿ ತೋಟದ ಮನೆಯಿಂದ ಹೋಗಿ ಅಂಥ ಕಟ್ಟಡದ ಒಂಬತ್ತನೆಯ ಮಹಡಿಯಲ್ಲಿ ಕೆಲಸ ಮಾಡುವ ಹುಡುಗಿಯ ಕುರ್ಚಿಗೆ ಒಂಬತ್ತು ವರ್ಷದ ಭದ್ರತೆ ಇದೆ. ಚೌಕದಲ್ಲಿ ಅಂಗಡಿ ಇಟ್ಟು ಅವಳನ್ನು ಓದಿಸಿದ ಮಾವನ ಗಾದಿಗೆ ಹನ್ನೊಂದು ತಿಂಗಳದ್ದು.

ಆದರೆ ಅಲ್ಲಿ ಇನ್ನೊಂದು ಕಳೆದುಹೋಗಿದೆ: ಮಾಲೀಕನ ಮುಖ. 2019ರಲ್ಲಿ ಎಂಬೆಸಿ ಆಫೀಸ್ ಪಾರ್ಕ್ಸ್ ದೇಶದ ಮೊದಲ ರೀಟ್ ಆಗಿ ಷೇರುಪೇಟೆಗೆ ಬಂತು. ಬೆಂಗಳೂರಿನ ಮಾನ್ಯತಾ ಪಾರ್ಕಿನಂಥ ಆಸ್ತಿಗಳ ಬಾಡಿಗೆಯನ್ನು ಸಾವಿರಾರು ಹೂಡಿಕೆದಾರರಿಗೆ ಹಂಚುವ ವ್ಯವಸ್ಥೆ ಅದು. ವಿತರಿಸಬಹುದಾದ ಹಣದಲ್ಲಿ ಶೇಕಡಾ 90ನ್ನು ಹಂಚಲೇಬೇಕು. ಈಗ ಗಾಂಧಿ ಚೌಕದ ಬಾಡಿಗೆಯ ಅಂಗಡಿಯಲ್ಲಿ ಕೂತವನೂ ಒಂದು ಯೂನಿಟ್ಟು ಕೊಂಡು ಬೆಂಗಳೂರಿನ ಕಚೇರಿಯೊಂದರ ಲವಲೇಶದ ಮಾಲೀಕನಾಗಬಹುದು. ಇದರಲ್ಲಿ ಒಂದು ಸಮಾನತೆ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಂಥ ಮಾಲೀಕನಿಗೆ ಮನ್ನಾ ಮಾಡುವ ಶಕ್ತಿ ಇಲ್ಲ. 2020ರ ಲಾಕ್‌ಡೌನಿನಲ್ಲಿ ಎಷ್ಟೋ ಊರುಗಳಲ್ಲಿ ಮಳಿಗೆಯ ಮಾಲೀಕರು ಎರಡು ತಿಂಗಳ ಬಾಡಿಗೆ ಬಿಟ್ಟರು, ಅರ್ಧಕ್ಕೆ ಇಳಿಸಿದರು. ಕೆಲವರು ಒಂದು ಪೈಸೆಯೂ ಬಿಡಲಿಲ್ಲ, ಅದೂ ಸತ್ಯ. ಕಾನೂನು ಮಾತ್ರ ಯಾರನ್ನೂ ಬಿಡು ಎನ್ನಲಿಲ್ಲ. ಅದೇ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್, ಖಾನ್ ಮಾರ್ಕೆಟ್ಟಿನ ಅಂಗಡಿಯೊಂದರ ಮೊಕದ್ದಮೆಯಲ್ಲಿ, ಬಾಗಿಲು ಮುಚ್ಚಿತ್ತೆಂಬ ಕಾರಣಕ್ಕೆ ಬಾಡಿಗೆ ತಡೆಹಿಡಿಯಲಾಗದು ಎಂದಿತು. ಇದರ ಬೇರು ಹಳೆಯದು. ದೇಶವಿಭಜನೆಯಲ್ಲಿ ಗುತ್ತಿಗೆಯ ಜಮೀನು ಪಾಕಿಸ್ತಾನದ ಪಾಲಾಗಿ, ಉಳಲು ಆಗದೆ ಓಡಿಬಂದವನು ಕೊಟ್ಟ ಬಾಡಿಗೆ ಹಿಂದಿರುಗಿಸಿ ಎಂದು ಕೇಳಿದ್ದ. ಲೀಸು ಒಮ್ಮೆ ಆದ ಮೇಲೆ ಅದು ಬರೀ ಕರಾರಲ್ಲ, ಹಕ್ಕಿನ ವರ್ಗಾವಣೆ. ಆಮೇಲಿನ ವಿಪತ್ತು ಅದನ್ನು ರದ್ದು ಮಾಡದು ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ತೀರ್ಪಿತ್ತಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ನವರಸಪುರದ ವರ್ತಕನಿಗೂ ಬಹುಶಃ ಅಂಥದ್ದೇ ಉತ್ತರ ಸಿಕ್ಕಿರುತ್ತಿತ್ತು.

ನಮ್ಮ ಕೋರಿಕೆ ದೊಡ್ಡದಲ್ಲ. ಚಿಕ್ಕ ವ್ಯಾಪಾರಿಗೆ ಏಳಬೇಕೆಂದರೆ ಹದಿನೈದು ದಿನವಲ್ಲ, ಒಂದು ವರ್ಷದ ಸೂಚನೆ ಸಿಗಲಿ. ಅವನು ಕಟ್ಟಿದ ವ್ಯಾಪಾರದ ಮೇಲೆಯೇ ಮಾಲೀಕ ಅಥವಾ ಅವನ ಮಗ ಅದೇ ಧಂಧೆ ತೆರೆದರೆ, ಅಥವಾ ಹೆಚ್ಚಿನ ಬಾಡಿಗೆಗೆ ಇನ್ನೊಬ್ಬನಿಗೆ ಕೊಟ್ಟರೆ, ಎದ್ದವನಿಗೆ ಲೆಕ್ಕ ಹಾಕಿದ ಪರಿಹಾರ ಸಿಗಲಿ. ಅದಕ್ಕೆ ಪ್ರತಿಯಾಗಿ ಬಾಡಿಗೆ ಕಾಲಕ್ಕೆ ತಕ್ಕಂತೆ ಏರಲಿ, ಒಳಬಾಡಿಗೆಯ ಆಟ ನಿಲ್ಲಲಿ. ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ. ಎರಡು ಸಾಲು ಕರಾರು ಪತ್ರದಲ್ಲಿ ಬರೆದರೆ ಸಾಕು. ಬರೆಯಲು ಮಾಲೀಕರು ಒಪ್ಪುತ್ತಾರೆಯೇ ಎಂದು ಕೇಳುವವರಿಗೆ ನಾವು ಮಸೀದಿ ಕಮಿಟಿಗಳ, ಮಠಗಳ, ದೇವಸ್ಥಾನಗಳ ಮಳಿಗೆಗಳನ್ನು ತೋರಿಸುತ್ತೇವೆ. ಧರ್ಮದ ಹೆಸರಿನಲ್ಲಿ ಜಾಗ ಹಿಡಿದವರು ಮೊದಲು ಬರೆಯಲಿ: ತಕ್ಕ ಬಾಡಿಗೆ ಪಡೆಯಲಿ, ತಕ್ಕ ಅವಧಿ ಕೊಡಲಿ.

ಒಂದು ಲೆಕ್ಕ ಮಾತ್ರ ಇಷ್ಟಾದರೂ ಬಗೆಹರಿಯುವುದಿಲ್ಲ. ಮಳಿಗೆಯ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡ ದರ್ಜಿ ಇದ್ದಾನೆ. ಅಂಗಡಿಯಲ್ಲಿ ಬಟ್ಟೆ ಕೊಂಡವರು ಅವನ ಬಳಿ ಹೊಲಿಸುತ್ತಾರೆ, ಅವನ ಬಳಿ ಹೊಲಿಸಲು ಬಂದವರು ಅಂಗಡಿ ಹೊಕ್ಕುತ್ತಾರೆ. ಅವನು ಅಂಗಡಿಯವನಿಗೆ ದಿನಕ್ಕೆ ಇಷ್ಟು ಎಂದು ಕೊಡುತ್ತಾನೆ. ಅದು ಮಾಲೀಕನಿಗೆ ಗೊತ್ತಿದ್ದೂ ಗೊತ್ತಿಲ್ಲ. ಅವನ ಪಕ್ಕದಲ್ಲಿ ನೆಲದ ಮೇಲೆ ಹೂವಿನ ಬುಟ್ಟಿ ಇಟ್ಟ ಮಾವಶಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಗುರುತಿನ ಚೀಟಿ ಸಿಗಬಹುದು. ದರ್ಜಿಗೆ ಅದೂ ಇಲ್ಲ, ಏಕೆಂದರೆ ಅವನು ಕೂತಿರುವುದು ಬೀದಿಯಲ್ಲಲ್ಲ, ಅಂಗಡಿಯಲ್ಲೂ ಅಲ್ಲ. ನಾಳೆ ಆ ಮಳಿಗೆ ಒಡೆದು ಗಾಜಿನ ಷೋರೂಮು ಬಂದರೆ ಅಂಗಡಿಯವನೊಂದಿಗೆ ಮಾತುಕತೆ ನಡೆಯುತ್ತದೆ, ಹಿರಿಯರು ಕೂಡುತ್ತಾರೆ, ಏನೋ ಒಂದು ಮೊತ್ತಕ್ಕೆ ಬಂದು ನಿಲ್ಲುತ್ತದೆ. ಆ ಮಾತುಕತೆಗೆ ದರ್ಜಿಯನ್ನು ಕರೆದವರನ್ನು ನಾವು ಇನ್ನೂ ಕಂಡಿಲ್ಲ.